ಚಿರತೆ ವಿಷ್ಯದಲ್ಲಿ ಯಾರ ಮಾತು ನಂಬ್ಲಿ?

ಪ್ರಶ್ನೆ: ಸರ್, ನಾವು ಮುಂಬೈನ ಗೋರೆಗಾಂವ್‌ನಲ್ಲಿರೋದು. ನಮ್ಮನೆಗೆ ಕೆಲಸಕ್ಕೆ ಬರೋ ಬಾಯಿ ಇಲ್ಲೇ ಕಾಡಿನಂಥ ಆರೇ ಕಾಲೊನಿಯ ಪಾಡಾದವ್ರು (ಪಾಡಾ ಅಂದ್ರೆ ಆದಿವಾಸಿ ಹಾಡಿ), ವಾರ್ಲಿ ಅನ್ನೋ ಆದಿವಾಸಿ ಜನ. ಅಲ್ಲಿ ಎಷ್ಟು ಚಿರತೆ ಇದಾವೆ, ಎಲ್ಲಿ ಓಡಾಡ್ತಾವೆ ಎಲ್ಲಾ ಹೇಳ್ತಾರೆ. ಝೂಆಲಜಿ ಓದ್ತಿರೋ ಮಗಳು ಮಾತ್ರ ಕ್ಯಾಮೆರಾದಲ್ಲಿ ಬಂದ್ರಷ್ಟೇ ಡೇಟಾ ಅಮ್ಮಾ ಅಂತಾಳೆ. ಯಾರು ಸರಿ?
– ಓದುಗರೊಬ್ಬರು, ಗೋರೆಗಾಂವ್ ಪೂರ್ವ

ಉತ್ತರ: ಎಷ್ಟು ಅಂತ ಕೇಳಿದ್ರೆ ಮಗಳು ಸರಿ ಅಮ್ಮಾ. ಒಂದು ಚಿರತೆ ಮೈಮೇಲಿರೋ ಚುಕ್ಕೆ ಇನ್ನೊಂದಕ್ಕಿರಲ್ಲ, ಎಡಮಗ್ಗುಲಿನದ್ದು ಬಲಮಗ್ಗುಲಿಗೂ ಇರಲ್ಲ, ಅದಕ್ಕೇ ದಾರಿಯ ಎರಡೂ ಕಡೆ ಕ್ಯಾಮೆರಾ ಕಟ್ತಾರೆ. ಆರೇ ಪಕ್ಕದ ಬೋರಿವಲಿ ನ್ಯಾಷನಲ್ ಪಾರ್ಕ್ ಸುತ್ತಮುತ್ತ 2015ರಲ್ಲಿ 35, 2018ರಲ್ಲಿ 47 ಅಂತ ಲೆಕ್ಕ ಸಿಕ್ಕಿದ್ದು ಹೀಗೇ. ಕತ್ತಲಲ್ಲಿ ಒಂದೇ ಚಿರತೆ ಮೂರು ಕಡೆ ಕಂಡ್ರೆ ಎಂಥವ್ರಿಗೂ ಮೂರು ಅನ್ಸುತ್ತೆ.

ಆದ್ರೆ ಆ ಕ್ಯಾಮೆರಾನ ಯಾವ ಮರಕ್ಕೆ ಕಟ್ಬೇಕು? ಯಾವ ನಾಲಾ ಪಕ್ಕ ಹೆಜ್ಜೆ ಬೀಳುತ್ತೆ, ಯಾವ ಪಾಡಾದಲ್ಲಿ ನಾಯಿಗಳು ಕಡಿಮೆ ಆಗ್ತಿವೆ ಅನ್ನೋದು ಬಾಯಿಗೆ ಗೊತ್ತು, ಮಗಳಿಗಲ್ಲ. ಇಲ್ಲಿನ ಚಿರತೆಗಳು ಬೀದಿನಾಯಿ ತಿಂತವೆ ಅಂತ ಹಿಕ್ಕೆ ಪರೀಕ್ಷೆ ಮಾಡಿದವ್ರೂ ಹೇಳಿದಾರೆ. ವಾರ್ಲಿ ಜನ ವಾಘೋಬಾ ಅನ್ನೋ ಹುಲಿ-ಚಿರತೆ ದೇವರನ್ನ ಪೂಜೆ ಮಾಡ್ಕೊಂಡು ಚಿರತೆ ಇರೋ ಜಾಗದಲ್ಲೇ ಬಾಳಿದವ್ರು, ಹಿಡಿದು ದೂರ ಬಿಡಿ ಅಂತ ಗಲಾಟೆ ಮಾಡೋದು ನಮ್ಮಂಥ ಬಿಲ್ಡಿಂಗ್‌ನವ್ರು, ಇದು ನನಗೆ ನಿಜವಾಗ್ಲೂ ಬೇಜಾರು ತರೋ ವಿಷ್ಯ, ಯಾಕಂದ್ರೆ ಪುಣೆ ಜಿಲ್ಲೆಯ ಜುನ್ನರ್ ಕಡೆ ಕಬ್ಬಿನ ಗದ್ದೆ ಚಿರತೆಗಳನ್ನ 2001ರಿಂದ ಹಿಡಿದು ಕಾಡಿಗೆ ಬಿಡೋಕೆ ಶುರು ಮಾಡಿದ ಮೇಲೆ, ವರ್ಷಕ್ಕೆ ಸರಾಸರಿ 4 ಇದ್ದ ಮನುಷ್ಯರ ಮೇಲಿನ ದಾಳಿ 17ಕ್ಕೆ ಏರ್ತು ಅಂತ ವನ್ಯಜೀವಿ ಸಂಶೋಧಕಿ ವಿದ್ಯಾ ಆತ್ರೇಯ ಅವ್ರ ತಂಡ ಲೆಕ್ಕ ಹಾಕಿ ತೋರಿಸ್ತು.

ಹಾಗಂತ ಊರವ್ರು ಹೇಳಿದ್ದೆಲ್ಲಾ ನಿಜ ಅಲ್ಲ. ಮುಳ್ಳುಹಂದಿ ಬಾಣದ ಥರ ಮುಳ್ಳು ಎಸೆಯುತ್ತೆ ಅಂತ ನಮ್ಮ ಘಟ್ಟದ ಕಡೆನೂ ಹೇಳ್ತಾರೆ, ಅದು ಎಸೆಯಲ್ಲ, ಹಿಂದಕ್ಕೆ ನುಗ್ಗಿ ಚುಚ್ಚುತ್ತೆ, ಸಡಿಲ ಮುಳ್ಳು ಕಿತ್ಕೊಂಡು ಬರುತ್ತೆ ಅಷ್ಟೇ. ರಾತ್ರಿ ಹೊತ್ತು ಓಡಾಡೋ ಪ್ರಾಣಿಗಳ ವಿಷ್ಯದಲ್ಲಿ ಇಂಥ ಮಾತು ಜಾಸ್ತಿ.

ಮಗಳು ಒಂದಿನ ನೋಟ್‌ಬುಕ್ ಹಿಡ್ಕೊಂಡು ಬಾಯಿ ಜೊತೆ ಪಾಡಾಗೆ ಹೋಗ್ಲಿ. ಎಲ್ಲಿ, ಯಾವ ತಿಂಗಳು, ಎಷ್ಟೊತ್ತಿಗೆ ಅಂತ ಕೇಳ್ಲಿ, ಪ್ರತಿ ಮಾತಿಗೂ ಕಣ್ಣಾರೆ ನೋಡಿದ್ದಾ ಯಾರೋ ಹೇಳಿದ್ದಾ ಅಂತ ಬೇರೆ ಬೇರೆ ಬರ್ಕೊಳ್ಲಿ. ಬಾಯಿಗೆ ಅವತ್ತಿನ ಪಗಾರ ಕೊಡೋದು ಮರೀಬೇಡಿ.