1994ರ ಎಸ್-ಕ್ಲಾಸ್ ಸಣ್ಣ ಹೊಸ ಕಾರಿನ ಬೆಲೆಗೆ ಸಿಗ್ತಿದೆ. ಅಷ್ಟು ಗಟ್ಟಿ ಕಾರಿನ ರಿಪೇರಿ ಅಂದ್ರೆ ಎಲ್ಲರೂ ಯಾಕೆ ಹೆದರಿಸ್ತಾರೆ?

ನೀವು ಹೇಳ್ತಿರೋದು ಮರ್ಸಿಡಿಸ್ ಡಬ್ಲ್ಯು140, 1991ರಲ್ಲಿ ಬಂದ ಮಾಡೆಲ್. ಹಳೇ ಕಾರುಗಳ ವೈರಿಂಗ್ ನನ್ನ ಕಸುಬು. ಹೆದರಿಸೋರು ಸುಳ್ಳೇನೂ ಹೇಳ್ತಿಲ್ಲ, ಆದ್ರೆ ಭಯ ಎಂಜಿನ್ ಬಗ್ಗೆ ಇಟ್ಕೊಂಡಿರ್ತಾರೆ. ಎಂಜಿನ್ ಅಷ್ಟು ಸುಲಭಕ್ಕೆ ಕೈಕೊಡಲ್ಲ. ಜೀವ ತಿನ್ನೋದು ಚಿಲ್ಲರೆ ಸಾಮಾನು.

ಮೊದಲನೇದು ಎಂಜಿನ್ ವೈರಿಂಗ್. ಸುಮಾರು 1995ರವರೆಗಿನ ಕಾರುಗಳಲ್ಲಿ ವೈರಿನ ಮೇಲಿನ ಹೊದಿಕೆ ಎಂಜಿನ್ ಶಾಖಕ್ಕೆ ಒಣಗಿ ಪುಡಿಯಾಗುತ್ತೆ. ಬಗ್ಗಿಸಿದ್ರೆ ಚೂರುಚೂರಾಗಿ ಉದುರಿ ತಾಮ್ರ ಬರಿಮೈಯಾಗುತ್ತೆ. ಆಮೇಲೆ ಐಡಲಿಂಗ್ ಏರುಪೇರು, ಮಿಸ್ಸಿಂಗ್, ದಿನಕ್ಕೊಂದು ಹೊಸ ಕಾಯಿಲೆ. ಸೆನ್ಸರ್ ಬದಲಾಯಿಸ್ತಾರೆ, ಇಗ್ನಿಷನ್ ಕಾಯಿಲ್ ಬದಲಾಯಿಸ್ತಾರೆ, ಹೋಗಲ್ಲ. ಕೊನೆಗೆ ಹಾರ್ನೆಸ್ಸನ್ನೇ, ಅಂದ್ರೆ ವೈರುಗಳ ಇಡೀ ಕಟ್ಟನ್ನೇ, ಹೊಸದು ಹಾಕಿಸಿದ್ರೂ ಎಂಜಿನ್‌ಗೆ ಹೋಗೋ ಗಾಳಿಯನ್ನ ಹತೋಟಿಯಲ್ಲಿಡೋ ಎಲೆಕ್ಟ್ರಾನಿಕ್ ಥ್ರಾಟಲ್ ಒಳಗೆ ಅದೇ ಜಾತಿಯ ವೈರ್ ಕೂತಿರುತ್ತೆ! ಅದನ್ನೂ ನೋಡಲೇಬೇಕು. ದೋಷ ಹುಡುಕೋ ಈಗಿನ ಸ್ಕ್ಯಾನರ್ ಚುಚ್ಚಿ ನೋಡೋಣ ಅಂದ್ರೆ ಬಾನೆಟ್ ಒಳಗಿರೋದು ದುಂಡನೆಯ 38 ಪಿನ್ ಸಾಕೆಟ್. ಅದಕ್ಕೆ ಬೇರೆ ಕೇಬಲ್, ಅದನ್ನ ಓದಬಲ್ಲ ಬೇರೆ ಮಷೀನು.

ಎರಡನೇದು ಎ.ಸಿ. ಕೂಲಿಂಗ್ ಕಾಯಿಲ್ ಲೀಕ್ ಆದ್ರೆ ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಬೇಕು. ದಿನಗಟ್ಟಲೆ ಕೂಲಿ ಅಲ್ಲೇ ಹೋಗುತ್ತೆ. ಮೂವತ್ತು ವರ್ಷದ ಪ್ಲಾಸ್ಟಿಕ್ ಕ್ಲಿಪ್ಪುಗಳು ಮುಟ್ಟಿದ್ರೆ ಮುರಿಯುತ್ತವೆ, ಅವನ್ನ ಹುಡುಕೋದು ಇನ್ನೊಂದು ಪಾಡು. ಅದಕ್ಕೇ ಎಷ್ಟೋ ಜನ ಗ್ಯಾಸ್ ತುಂಬಿಸಿ, ತಣ್ಣಗಿರುವಾಗಲೇ ಮಾರಿಬಿಡ್ತಾರೆ.

ಉಳಿದಂತೆ ಬಾಗಿಲನ್ನ ತಾನೇ ಎಳೆದುಕೊಳ್ಳೋ ಗಾಳಿ ಪಂಪು, ಎರಡು ಪದರದ ಕಿಟಕಿ ಗಾಜು. ಪದರದ ನಡುವೆ ಮಂಜು ಕಟ್ಟಿದ್ರೆ ಒರೆಸೋಕಾಗಲ್ಲ, ಗಾಜನ್ನೇ ಬದಲಾಯಿಸಬೇಕು. ಹೊರಗಿನ ಸದ್ದು ಒಳಗೆ ಬರಬಾರದು ಅಂತ ಅಷ್ಟು ತಲೆ ಓಡಿಸಿದೋರು ವೈರಿನ ಹೊದಿಕೆಯಲ್ಲಿ ಎಡವಿದ್ದು ನನಗಂತೂ ಇವತ್ತಿಗೂ ಅರಗಲ್ಲ. ಓಡಿಸಿ ನೋಡಿ, ಆ ಸುಖವೇ ಬೇರೆ. ಅದಕ್ಕೇ ಜನ ಮರುಳಾಗೋದು.

ತಗೊಳ್ಳೋ ಆಸೆ ಗಟ್ಟಿಯಾಗಿದ್ರೆ ಬಾನೆಟ್ ಎತ್ತಿಸಿ, ಹಾರ್ನೆಸ್ ಮೇಲಿನ ಚೀಟಿಯಲ್ಲಿ ತಾರೀಖು ನೋಡಿ. ಕಾರಿನಷ್ಟೇ ಹಳೇದಾಗಿದ್ರೆ ವೈರಿಂಗ್ ಬದಲಾಗಿಲ್ಲ ಅಂತಲೇ ಲೆಕ್ಕ. ಎ.ಸಿ. ಕೂಲಿಂಗ್ ಕಾಯಿಲ್ ಹೊಸದು ಹಾಕಿಸಿದ ಬಿಲ್ ಕೇಳಿ. ಎರಡೂ ಇಲ್ಲದಿದ್ರೆ ಎರಡು ಕೆಲಸಕ್ಕೂ ಎಸ್ಟಿಮೇಟ್ ಬರೆಸಿ, ಆ ಮೊತ್ತ ಕಳೆದು ಬೆಲೆ ಕೇಳಿ. ಕಾರು ನಿಮಗೆ ಬಂದ್ರೆ ವೈರಿಂಗ್ ಕೆಲಸ ಮೊದಲು ಮಾಡಿಸಿ, ಎ.ಸಿ. ಕಾಯಬಹುದು.