ಜಪಾನಿನ ನಿಕ್ಕೋಗೆ ಹೋದಾಗ ಆಶಿಯೋ ತಾಮ್ರದ ಗಣಿ ಊರಿಗೂ ಹೋಗಬಹುದಾ, ನೋಡೋಕೆ ಏನಿದೆ?

ಖಂಡಿತ ಹೋಗಿ, ಆದ್ರೆ ನಿಕ್ಕೋ ದೇವಸ್ಥಾನಗಳ ಜೊತೆ ಒಂದೇ ದಿನಕ್ಕೆ ತುರುಕಬೇಡಿ. 2006ರಿಂದ ಆಶಿಯೋ ನಿಕ್ಕೋ ನಗರಕ್ಕೇ ಸೇರಿದೆ ನಿಜ, ಆದ್ರೂ ಮಧ್ಯೆ ಬೆಟ್ಟ ಇದೆ. ನಿಕ್ಕೋಯಿಂದ ಬಸ್ ಇದೆ, ಆದ್ರೆ ಕಮ್ಮಿ, ಟೈಮಿಂಗ್ ನೋಡ್ಕೊಂಡೇ ಹೊರಡಿ. ನನ್ನ ಕೇಳಿದ್ರೆ ಕಿರ್ಯೂ ಅನ್ನೋ ಊರಿನ ಕಡೆಯಿಂದ ವತರಾಸೆ ನದಿ ಪಕ್ಕದಲ್ಲೇ ಹೋಗೋ ಸಣ್ಣ ಟ್ರೈನೇ ಬೆಸ್ಟ್, ಇಳಿಯೋದು ತ್ಸೂದೋ ಸ್ಟೇಷನ್, ಅಲ್ಲಿಂದ ಗಣಿ ಮ್ಯೂಸಿಯಂ ನಡೆಯೋ ದೂರ.

ಮ್ಯೂಸಿಯಂನಲ್ಲಿ ಪುಟ್ಟ ಟ್ರಾಲಿಯಲ್ಲಿ ಕೂರಿಸಿ ಸುರಂಗದೊಳಗೆ ಕರ್ಕೊಂಡೋಗ್ತಾರೆ, ಆಮೇಲೆ ನಡ್ಕೊಂಡು ನೋಡೋದು, ಕೆಲಸಗಾರರ ಬೊಂಬೆಗಳು ಇಟ್ಟಿದ್ದಾರೆ, ಅವು ಸ್ವಲ್ಪ ಭಯ ಹುಟ್ಟಿಸೋ ಹಾಗಿವೆ. ಬೇಸಿಗೆಯಲ್ಲೂ ಒಳಗೆ ಚಳಿ, ಜಾಕೆಟ್ ಇರ್ಲಿ.

ಆದ್ರೆ ಅಸಲಿ ಕಥೆ ಸುರಂಗದಾಚೆ ಇದೆ. 1877ರಲ್ಲಿ ಫುರುಕಾವಾ ಇಚಿಬೇ ಅನ್ನೋ ಉದ್ಯಮಿ ಈ ಗಣಿ ಕೊಂಡ್ಮೇಲೆ ಇದು ಜಪಾನಿನ ದೊಡ್ಡ ತಾಮ್ರದ ಗಣಿ ಆಯ್ತು, ಕುಲುಮೆಯ ಗಂಧಕದ ಹೊಗೆಗೆ ಬೆಟ್ಟದ ಮರಗಳೆಲ್ಲ ಸತ್ತೋದ್ವು, ಮರ ಇಲ್ದೆ ಪ್ರವಾಹ ಜಾಸ್ತಿಯಾಗಿ ವಿಷದ ಮಣ್ಣು ಕೆಳಗಿನ ಊರುಗಳ ಗದ್ದೆಗೆ ಬಂತು. ರೈತರ ಪರ ನಿಂತ ತನಾಕಾ ಶೋಜೋ ಅನ್ನೋ ರಾಜಕಾರಣಿ ಎಂಪಿ ಸ್ಥಾನ ಬಿಟ್ಟು 1901ರಲ್ಲಿ ಚಕ್ರವರ್ತಿಗೇ ನೇರವಾಗಿ ಮನವಿ ಕೊಡೋಕೆ ಹೋದ್ರು. ಗಣಿ ಮುಚ್ಚಿದ್ದು 1973ರಲ್ಲಿ. ಹಾಗಾಗಿ ಮ್ಯೂಸಿಯಂ ಮುಗಿಸಿ ವಾಪಸ್ ಬರಬೇಡಿ, ಮೇಲೆ ಹಳೇ ಕುಲುಮೆಯ ಚಿಮಣಿ ಕಡೆಗೂ ಹೋಗಿ, ಅಲ್ಲಿ ಬೋಳು ಬೆಟ್ಟಗಳೂ ಕಾಣ್ತವೆ, ಈಗ ಗಿಡ ನೆಟ್ಟು ಹಸಿರು ಮಾಡ್ತಿರೋ ಜಾಗಗಳೂ ಕಾಣ್ತವೆ. ಊಟಕ್ಕೆ ಏನಾದ್ರೂ ಕಟ್ಕೊಂಡೋಗಿ, ವೆಜ್ ಆದ್ರಂತೂ ಮರೀಬೇಡಿ.