ಉಬ್ಬರದ ಬೆನ್ನೇರಿ ಬರುವ ಮೀನುಗಳು

ಪ್ರಶ್ನೆ: ಕಡಲಿಗೂ ನದಿಗೂ ನಡುವೆ ವಲಸೆ ಹೋಗುವ ಮೀನುಗಳು, ನದಿ ಕಡಲು ಸೇರುವ ಅಳಿವೆಯಲ್ಲಿ ಕೆಲಕಾಲ ತಂಗುವುದೇಕೆ? ಅಲ್ಲಿ ಅವುಗಳ ಸಂತತಿ ಕುಗ್ಗುತ್ತಿರುವುದಕ್ಕೆ ಅತಿಯಾದ ಮೀನುಗಾರಿಕೆಯೊಂದೇ ಕಾರಣವೇ?

ಉತ್ತರ: ಕಡಲಿನಲ್ಲಿರುವಾಗ ಮೀನಿನ ದೇಹದಿಂದ ನೀರು ಸದಾ ಸೋರಿಹೋಗುತ್ತಿರುವುದರಿಂದ ಅದು ಉಪ್ಪುನೀರನ್ನೇ ಕುಡಿದು, ಹೆಚ್ಚಾದ ಉಪ್ಪನ್ನು ಕಿವಿರುಗಳ ಮೂಲಕ ಹೊರಹಾಕುತ್ತದೆ. ಸಿಹಿನೀರಿನಲ್ಲಿ ಇದೆಲ್ಲವೂ ತಿರುಗುಮುರುಗು: ಕಿವಿರುಗಳು ಉಪ್ಪನ್ನು ಒಳಗೆಳೆದುಕೊಳ್ಳಬೇಕು, ಮೂತ್ರಪಿಂಡಗಳು ನೀರನ್ನು ಹೊರದೂಡಬೇಕು. ಕಿವಿರಿನ ಜೀವಕೋಶಗಳು ಇದಕ್ಕೆ ಅಣಿಯಾಗಲು ಅನೇಕ ಜಾತಿಗಳಲ್ಲಿ ಕೆಲವು ದಿನಗಳೇ ಹಿಡಿಯುತ್ತವೆ. ಉಪ್ಪು ಹಂತಹಂತವಾಗಿ ಇಳಿಯುವ ಅಳಿವೆ ಅವುಗಳಿಗೆ ಆ ಬಿಡುವನ್ನು ಕೊಡುತ್ತದೆ.

ತಂಗುವುದೆಂದರೆ ಸುಮ್ಮನಿರುವುದಲ್ಲ. ಸರ್ಗಾಸೊ ಸಮುದ್ರದಲ್ಲಿ ಹುಟ್ಟಿ ಅಟ್ಲಾಂಟಿಕ್ ದಾಟಿ ಬರುವ ಯುರೋಪಿನ ಹಾವುಮೀನಿನ ಮರಿ ಅಳಿವೆ ಸೇರುವಾಗ ಆರೇಳು ಸೆಂಟಿಮೀಟರ್ ಉದ್ದವಿರುತ್ತದೆ. ಮೈಯೆಲ್ಲ ಗಾಜಿನಂತೆ ಪಾರದರ್ಶಕವಾಗಿದ್ದು, ಎರಡು ಕಪ್ಪು ಕಣ್ಣುಗಳು ಮಾತ್ರ ಎದ್ದು ಕಾಣುತ್ತವೆ. ಸೆಳೆತಕ್ಕೆ ಎದುರಾಗಿ ಈಜುವ ಬಲ ಅದಕ್ಕಿಲ್ಲ. ಆದ್ದರಿಂದ ನೀರು ಇಳಿಯುವಾಗ ತಳದಲ್ಲಿ ಅಡಗಿದ್ದು, ಉಬ್ಬರ ಬಂದೊಡನೆ ಮೇಲೆದ್ದು, ಆ ನೀರಿನೊಂದಿಗೇ ಒಳನಾಡಿನತ್ತ ಸಾಗುತ್ತದೆ. ಇಷ್ಟು ಪುಟ್ಟ ಜೀವಿ ಕಡಲಿನ ಏರಿಳಿತವನ್ನು ಇಷ್ಟು ನಿಖರವಾಗಿ ಗುರುತಿಸುವುದು ನನಗೆ ಇಂದಿಗೂ ವಿಸ್ಮಯವೇ.

ಈ ಮರಿಗಳ ಆಗಮನ 1980ರ ದಶಕದಿಂದೀಚೆಗೆ ಶೇ. 90ಕ್ಕಿಂತ ಹೆಚ್ಚು ಕುಸಿದಿದೆ. ಬಲೆಯ ಪಾಲು ಇದರಲ್ಲಿ ಖಂಡಿತ ಇದೆ. ಮಾಲಿನ್ಯ, ಪರೋಪಜೀವಿಗಳು, ಕಡಲಿನ ಬದಲಾವಣೆಗಳೂ ಸೇರಿವೆ. ಆದರೆ ದಾರಿಯೇ ಮುಚ್ಚಿಹೋಗುವುದನ್ನು ನಾವು ಸಾಕಷ್ಟು ಗಂಭೀರವಾಗಿ ಪರಿಗಣಿಸಿಲ್ಲ ಎಂಬುದು ನನ್ನ ಅಭಿಪ್ರಾಯ. ಮೊಟ್ಟೆಯಿಡಲು ಗಂಗೆಯಲ್ಲಿ ಅಲಹಾಬಾದಿನಾಚೆಗೂ ಏರುತ್ತಿದ್ದ ಹಿಲ್ಸಾ ಮೀನು, 1975ರಲ್ಲಿ ಪಶ್ಚಿಮ ಬಂಗಾಳದ ಫರಕ್ಕಾ ಬ್ಯಾರೇಜ್ (ನದಿಗಡ್ಡಲಾಗಿ ಕಟ್ಟಿದ ಅಡ್ಡಗಟ್ಟೆ) ಕಾರ್ಯಾರಂಭ ಮಾಡಿದ ಮೇಲೆ ಅದರ ಮೇಲ್ಭಾಗದಲ್ಲಿ ಬಹಳ ವಿರಳವಾಯಿತು. ಅಡ್ಡಗಟ್ಟೆಯಿಂದ ಆಗುವ ಹಾನಿ ಇನ್ನೊಂದು: ಸಿಹಿನೀರಿನ ಹರಿವು ತಗ್ಗಿದಾಗ ಕೆಳಗಿನ ಅಳಿವೆಯಲ್ಲಿ ಉಪ್ಪು ಏರಿ, ಮರಿಗಳು ಬೆಳೆಯುವ ಹದವಾದ ನೀರಿನ ಪ್ರದೇಶವೇ ಕಿರಿದಾಗುತ್ತದೆ. ಮೀನು ಹಿಡಿಯುವುದನ್ನು ಕೆಲವು ತಿಂಗಳು ನಿಷೇಧಿಸಿದರೆ ತಾಯಿಮೀನುಗಳು ಉಳಿಯಬಹುದು, ಆದರೆ ಮುಚ್ಚಿದ ದಾರಿ ಅದರಿಂದ ತೆರೆಯುವುದಿಲ್ಲ.

ದಾರಿ ತೆರೆಯುವ ಪ್ರಯತ್ನಗಳೂ ನಡೆದಿವೆ. ನೆದರ್‌ಲ್ಯಾಂಡ್ಸ್‌ನಲ್ಲಿ ರೈನ್ ಮತ್ತು ಮ್ಯೂಸ್ ನದಿಗಳ ನೀರು ಕಡಲು ಸೇರುವ ಹಾರಿಂಗ್‌ವ್ಲೀಟ್ ಅಳಿವೆಗೆ 1970ರ ಸುಮಾರಿಗೆ ಅಣೆಕಟ್ಟು ಕಟ್ಟಲಾಗಿತ್ತು. 2018ರ ನವೆಂಬರ್‌ನಿಂದ, ನದಿಯಲ್ಲಿ ಸಾಕಷ್ಟು ನೀರಿರುವಾಗ, ಅದರ ಕೆಲವು ಬಾಗಿಲುಗಳನ್ನು ಉಬ್ಬರದ ಹೊತ್ತಿನಲ್ಲೂ ತುಸು ತೆರೆದಿಡುತ್ತಾರೆ. ನದಿ ಬಡವಾದರೆ, ಕುಡಿಯುವ ನೀರಿಗೆ ಉಪ್ಪು ಬೆರೆಯದಂತೆ ಮತ್ತೆ ಮುಚ್ಚುತ್ತಾರೆ.